ಮಲಗಿರುವ ಸಿಂಹಗಳನ್ನು ಬಿಟ್ಟು ಹೊರಡಬೇಡಿ

ಟಾಂಜಾನಿಯಾದ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನಕ್ಕೆ ಬರುವ ನಮ್ಮ ಕಡೆಯವರಲ್ಲಿ ಹೆಚ್ಚಿನವರು ಕಬಿನಿ, ನಾಗರಹೊಳೆ ಸುತ್ತಿ ಪಳಗಿದವರು. ಅಲ್ಲಿ ಹುಲಿ ಕಂಡರೆ ಕಂಡಿತು, ಎರಡು ನಿಮಿಷದಲ್ಲಿ ಲಂಟಾನ ಪೊದೆಯೊಳಗೆ ಮಾಯ. ಅದೇ ಅವಸರವನ್ನು ಇಲ್ಲಿಗೂ ತರುತ್ತಾರೆ. ಸೆರೊನೆರಾ ನದಿಯ ಬದಿಯಲ್ಲಿ, ಜಾಲಿ ಮರದ ನೆರಳಿನಲ್ಲಿ ಸಿಂಹಗಳ ಗುಂಪೊಂದು ಕಾಲು ಮೇಲೆ ಮಾಡಿ ಮಲಗಿದ್ದರೆ ನಾಲ್ಕು ಫೋಟೊ ತೆಗೆದು, ‘ಸರಿ, ಚಿರತೆ ಎಲ್ಲಿ ಸಿಗುತ್ತೆ?’ ಎಂದು ಗೈಡನ್ನು ಕೇಳುತ್ತಾರೆ. ಸಿಂಹ ದಿನಕ್ಕೆ 18ರಿಂದ 20 ಗಂಟೆ ಬಿದ್ದುಕೊಂಡೇ ಇರುತ್ತದೆ, ನಿಜ. ಆದರೂ ಬೇಟೆಯ ಹಿಂದೆ ಓಡುವುದಕ್ಕಿಂತ ಒಂದೇ ಗುಂಪಿನ ಮುಂದೆ ಒಂದು ಸಂಜೆ ಕೂರುವುದರಲ್ಲೇ ಹೆಚ್ಚು ಲಾಭ ಎಂಬುದು ನನ್ನ ಅಭಿಪ್ರಾಯ.

ಮೊದಲು ಯಾರು ಯಾರೆಂದು ಗುರುತಿಸಿಕೊಳ್ಳಿ. ಗುಂಪು ಹೆಣ್ಣುಗಳದ್ದು. ಅಜ್ಜಿ, ಅವಳ ಹೆಣ್ಣುಮಕ್ಕಳು, ದೊಡ್ಡಮ್ಮ, ಚಿಕ್ಕಮ್ಮ, ಮೊಮ್ಮಕ್ಕಳು ಎಲ್ಲರೂ ರಕ್ತಸಂಬಂಧಿಗಳೇ. ಹೆಣ್ಣುಮರಿಗಳಲ್ಲಿ ಬಹುಪಾಲು ಹುಟ್ಟಿದ ಜಾಗದಲ್ಲೇ ಉಳಿಯುತ್ತವೆ. ಗಂಡುಮರಿಗಳು ಎರಡು–ಮೂರು ವರ್ಷಕ್ಕೆ ಹೊರಬೀಳುತ್ತವೆ. ಕೇಸರ ಹೊತ್ತು ಪಕ್ಕದಲ್ಲಿ ಮಲಗಿದವನು ರಾಜನೆಂದು ಎಲ್ಲರೂ ಭಾವಿಸುತ್ತಾರೆ, ಆದರೆ ಅವನು ಹೊರಗಿನಿಂದ ಬಂದ ಮನೆ ಅಳಿಯ. ಅವನ ಕಾರುಬಾರು ಸಾಮಾನ್ಯವಾಗಿ ಎರಡು–ಮೂರು ವರ್ಷ. ಅಷ್ಟರಲ್ಲಿ ಬೇರೆ ಗಂಡುಗಳ ಜೋಡಿಯೋ ತಂಡವೋ ಬಂದು ಓಡಿಸುತ್ತದೆ. ಹೊಸಬರು ಬಂದರೆ ಹಾಲು ಕುಡಿಯುವ ಮರಿಗಳಿಗೆ ಉಳಿಗಾಲವಿಲ್ಲ. ಮರಿ ಬದುಕಿದ್ದರೆ ತಾಯಿ ಸುಮಾರು ಎರಡು ವರ್ಷ ಮತ್ತೆ ಗರ್ಭ ಕಟ್ಟುವುದಿಲ್ಲ, ಹೊಸ ಗಂಡಿಗೆ ಅಷ್ಟು ಪುರಸೊತ್ತಿಲ್ಲ. ಇದನ್ನು ಹೇಳಿದಾಗ ವಾಹನದಲ್ಲಿ ಯಾರಾದರೊಬ್ಬರು ‘ಛೆ, ಎಂಥ ಕ್ರೂರ!’ ಎನ್ನುತ್ತಾರೆ. ಆದರೆ ತಾಯಂದಿರು ಮರಿಗಳನ್ನೆಲ್ಲ ಒಟ್ಟಿಗೆ ಸೇರಿಸಿ ಸಾಕುವುದಕ್ಕೂ ಇದೇ ಮುಖ್ಯ ಕಾರಣ: ಒಬ್ಬಳಿಂದ ತಡೆಯಲಾಗದ ಗಂಡನ್ನು ನಾಲ್ವರು ಸೇರಿದರೆ ಹಿಮ್ಮೆಟ್ಟಿಸಬಹುದು.

ಹಾಗಾಗಿ ಬೈನಾಕ್ಯುಲರನ್ನು ಮರಿಗಳ ಕಡೆ ತಿರುಗಿಸಿ. ಯಾವ ಮರಿ ಯಾರ ಮೊಲೆಗೆ ಬಾಯಿ ಹಾಕುತ್ತಿದೆ ನೋಡಿ. ತಾಯಿ ಎಚ್ಚರವಿದ್ದಾಗ ಹೆಚ್ಚಾಗಿ ತನ್ನ ಮರಿಗಳಿಗೇ ಹಾಲು ಕೊಡುತ್ತಾಳೆ. ಬೇರೆಯವಳ ಮರಿ ಬಂದರೆ ಹಲ್ಲು ಕಿರಿದು ಗದರುತ್ತಾಳೆ, ಇಲ್ಲವೇ ಹೊಟ್ಟೆ ಮುಚ್ಚಿ ಮಗ್ಗುಲಾಗುತ್ತಾಳೆ. ಆದರೆ ನಿದ್ದೆ ಹತ್ತಿದರೆ ಸಂದು ನೋಡಿ ಬೇರೆಯವಳ ಮರಿಯೂ ನುಸುಳಿಬಿಡುತ್ತದೆ.

ಗಂಡಿನ ಕೇಸರದ ಬಣ್ಣವನ್ನೂ ಗಮನಿಸಿ. ಸೆರೆಂಗೆಟಿಯಲ್ಲಿ ಬೊಂಬೆ ಸಿಂಹಗಳನ್ನು ನಿಲ್ಲಿಸಿ ಪರೀಕ್ಷಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಹೆಣ್ಣುಗಳು ಕಪ್ಪು ಕೇಸರದ ಬೊಂಬೆಯತ್ತ ಹೋದವು, ಗಂಡುಗಳು ಅದರಿಂದ ದೂರ ಸರಿದವು. ಕಪ್ಪು ಕೇಸರದವನು ಚೆನ್ನಾಗಿ ಉಂಡು ಬಲವಾಗಿರುವವನು ಎಂದು ಅವಕ್ಕೆ ತಿಳಿಯುತ್ತದೆ.

ಸಂಜೆ ಐದರ ನಂತರ ಕ್ಯಾಮೆರಾ ಕೆಳಗಿಟ್ಟು ಎಂಜಿನ್ ಆಫ್ ಮಾಡಿಸಿ. ಮೊದಲು ಹೊಟ್ಟೆ ನೋಡಿ: ಹೊಟ್ಟೆ ಗುಡಾಣದಂತಿದ್ದರೆ ಇವತ್ತು ಏಳುವುದಿಲ್ಲ, ನೀವು ಲಾಡ್ಜ್‌ಗೆ ಹೋಗಿ ಚಹಾ ಕುಡಿಯಬಹುದು. ಹೊಟ್ಟೆ ಒಳಗೆಳೆದಿದ್ದರೆ ಕಾಯಿರಿ. ಮೊದಲು ಒಬ್ಬಳು ತಲೆ ಎತ್ತುತ್ತಾಳೆ, ಆಕಳಿಸುತ್ತಾಳೆ. ಪಕ್ಕದವಳೂ ಆಕಳಿಸುತ್ತಾಳೆ. ದಕ್ಷಿಣ ಆಫ್ರಿಕಾದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೀಗೆ ಆಕಳಿಕೆ ಅಂಟಿಸಿಕೊಂಡ ಸಿಂಹ ನಂತರ ಮೊದಲಿನವಳ ಚಲನೆಯನ್ನೂ ಅನುಕರಿಸುವ ಸಂಭವ ಹೆಚ್ಚು; ಅವಳು ಎದ್ದರೆ ಇವಳೂ ಏಳುತ್ತಾಳೆ. ಆಮೇಲೆ ಮೈ ಮುರಿಯುವುದು, ಹತ್ತು ಹೆಜ್ಜೆ ಹೋಗಿ ಮತ್ತೆ ಕೂರುವುದು. ನಡುವೆ ಒಬ್ಬರನ್ನೊಬ್ಬರು ದಾಟುವಾಗ ತಲೆಗೆ ತಲೆ, ಕೆನ್ನೆಗೆ ಕೆನ್ನೆ ಒತ್ತಿ ಉಜ್ಜಿಕೊಳ್ಳುತ್ತಾರೆ. ಹೆಚ್ಚಾಗಿ ಮರಿ ತಾಯಿಗೆ, ಹೆಣ್ಣು ಗಂಡಿಗೆ ಉಜ್ಜುತ್ತದೆ. ಕತ್ತಲಾದ ಮೇಲೆ ಪಾರ್ಕ್‌ನೊಳಗೆ ಪ್ರವಾಸಿ ವಾಹನ ಓಡಿಸುವಂತಿಲ್ಲದ್ದರಿಂದ ಬೇಟೆ ಸಾಮಾನ್ಯವಾಗಿ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಈ ತಯಾರಿ ಮಾತ್ರ ಪೂರ್ತಿ ಸಿಗುತ್ತದೆ.

ಗುಂಪಾಗಿರುವುದು ಬೇಟೆಗೆಂದೇ ನಾವು ಶಾಲೆಯಲ್ಲಿ ಓದಿದ್ದು. ಇಲ್ಲಿ 1966ರಲ್ಲಿ ಜಾರ್ಜ್ ಶಾಲರ್ ಸಿಂಹಗಳ ಅಧ್ಯಯನ ಆರಂಭಿಸಿದರು. 1978ರಿಂದ ಕ್ರೇಗ್ ಪ್ಯಾಕರ್ ಅದನ್ನು ದಶಕಗಟ್ಟಲೆ ಮುಂದುವರಿಸಿದರು. ಅಷ್ಟು ವರ್ಷಗಳ ದಾಖಲೆ ಬೇರೆಯದನ್ನೇ ಹೇಳುತ್ತದೆ: ಇದು ಜಾಗದ ಜಗಳ. ಎರಡು ಹೊಳೆ ಕೂಡುವ ಕಡೆ ನೀರಿದೆ, ಮರೆಯಿದೆ, ನೀರಿಗೆ ಬರುವ ಜೀಬ್ರಾ, ವೈಲ್ಡ್‌ಬೀಸ್ಟ್‌ಗಳಿವೆ. ಅಂಥ ಜಾಗ ಹಿಡಿದುಕೊಳ್ಳಲು ತಲೆ ಎಣಿಕೆ ಬೇಕು. ಸಂಶೋಧಕರು ಅಪರಿಚಿತ ಸಿಂಹಗಳ ಧ್ವನಿಮುದ್ರಿತ ಘರ್ಜನೆ ಕೇಳಿಸಿದ ಪ್ರಯೋಗಗಳಲ್ಲಿ ಹೆಣ್ಣುಗಳು ಅತ್ತ ಒಂದೇ ದನಿಯೋ ಮೂರೋ ಎಂದು ಅಳೆದು, ತಮ್ಮ ಸಂಖ್ಯೆ ಹೆಚ್ಚಿದ್ದರೆ ಮಾತ್ರ ಧೈರ್ಯವಾಗಿ ಮುನ್ನುಗ್ಗಿದವು. ಗುಜರಾತಿನ ಗಿರ್‌ನಲ್ಲಿ ಗಂಡುಗಳು ಬಹುಪಾಲು ಬೇರೆಯಾಗಿಯೇ ತಿರುಗುತ್ತವೆ, ಹಾಗಾಗಿ ಅಲ್ಲಿ ನೋಡಿದ್ದನ್ನು ಇಲ್ಲಿಗೆ ಹೊಂದಿಸಲು ಹೋಗಬೇಡಿ.

ನನಗೆ ಅತಿ ಇಷ್ಟವಾದದ್ದು ಅದೇ ಪ್ರಯೋಗಗಳ ಇನ್ನೊಂದು ಫಲಿತಾಂಶ. ಕೆಲವು ಹೆಣ್ಣುಗಳು ಪ್ರತಿ ಸಲ ಮುಂದೆ, ಕೆಲವು ಪ್ರತಿ ಸಲ ಹಿಂದೆ. ಹಿಂದುಳಿದವಳಿಗೆ ಶಿಕ್ಷೆಯೇನೂ ಇಲ್ಲ. ಮುಂದಿನವಳು ತಿರುಗಿ ತಿರುಗಿ ನೋಡುತ್ತಾಳೆ, ಆದರೂ ನಡೆಯುತ್ತಾಳೆ. ಹೆಣ್ಣುಗಳಲ್ಲಿ ತೋಳಗಳಂತೆ ಒಡತಿ ಎಂಬವಳಿಲ್ಲ, ಎಲ್ಲರೂ ಮರಿ ಹಾಕುತ್ತಾರೆ. ಬೇಟೆ ಬಿದ್ದಾಗ ಮಾತ್ರ ಸಮಾನತೆ ಮುಗಿಯುತ್ತದೆ: ಗಂಡಿನ ಗಾತ್ರ, ಪಂಜದ ಏಟು, ಮರಿಗಳಿಗೆ ಉಳಿದರೆ ಉಂಟು.

ಎರಡು ರಾತ್ರಿ ಸೆರೊನೆರಾದಲ್ಲಿ ಉಳಿಯುವವರು ಎರಡನೇ ಸಂಜೆಯೂ ಅದೇ ಗುಂಪಿನ ಬಳಿಗೆ ಕರೆದೊಯ್ಯುವಂತೆ ಗೈಡ್‌ಗೆ ಮೊದಲೇ ಹೇಳಿಡಿ. ಮೀಸೆಯ ಬುಡದ ಚುಕ್ಕೆಗಳ ಮೇಲಿನ ಸಾಲನ್ನು ಎರಡೂ ಬದಿಯಿಂದ ಫೋಟೊ ತೆಗೆದುಕೊಂಡಿರಿ. ಸಂಶೋಧಕರು ಸಿಂಹವನ್ನು ಗುರುತಿಸುವುದು ಅದರಿಂದಲೇ. ನಿನ್ನೆ ಮುಂದೆ ನಡೆದವಳೇ ಇವತ್ತೂ ಮುಂದಿದ್ದಾಳೋ ಎಂದು ನೀವೇ ಹೋಲಿಸಿ ನೋಡಬಹುದು.