ಕಿವಿಯಿಂದ ಓದುವವರಿಗೊಂದು ರೇಡಿಯೋ ಪಟ್ಟಿ

ಕಣ್ಣು ಕಾಣದವರಿಗೆ ಕಿವಿ ಜಾಸ್ತಿ ಚುರುಕು ಅನ್ನುತ್ತಾರೆ. ದೇವರು ಒಂದನ್ನು ಕಿತ್ತುಕೊಂಡರೆ ಇನ್ನೊಂದನ್ನು ಕೊಡುತ್ತಾನೆ ಅಂತ ಅದಕ್ಕೊಂದು ಸಮಾಧಾನ ಬೇರೆ. ಈ ಮಾತು ಕೇಳಿದಾಗಲೆಲ್ಲ ನನಗೆ ತಾಳ್ಮೆ ತಪ್ಪುತ್ತದೆ. ಕಿವಿ ಎಲ್ಲರದೂ ಅದೇ ಕಿವಿ. ವರ್ಷಗಟ್ಟಲೆ ಗಮನವಿಟ್ಟು ಕೇಳಿ ಕೇಳಿ ಮಿದುಳು ಪಳಗಿರುತ್ತದೆ. ಹುಟ್ಟಿನಿಂದ ಅಂಧರಾದವರಲ್ಲಿ ನೋಟದ ಕೆಲಸಕ್ಕಿದ್ದ ಮಿದುಳಿನ ಭಾಗವೂ ಶಬ್ದದ ಕೆಲಸಕ್ಕೆ ಕೈಜೋಡಿಸುತ್ತದೆ. ಆದರೆ ಎಷ್ಟು ಪಳಗಿದ ಮಿದುಳಾದರೂ, ಹೆಸರೇ ಇಲ್ಲದ ಬಟನ್ ಯಾವುದು ಅಂತ ಹೇಳಲಾರದು.

ಇಂಟರ್ನೆಟ್ ರೇಡಿಯೋದ ತೊಂದರೆ ಇರುವುದೇ ಅಲ್ಲಿ. ಒಂದು ನಿಲಯದ ಪುಟ ತೆರೆದರೆ, ಕಣ್ಣಿರುವವರು ಜಾಹೀರಾತುಗಳ ನಡುವೆಯೂ ತ್ರಿಕೋನದ ಗುರುತನ್ನು ಚಕ್ಕನೆ ಹಿಡಿಯುತ್ತಾರೆ. ಅಂಧರು ಬಳಸುವುದು ಸ್ಕ್ರೀನ್ ರೀಡರ್, ಅಂದರೆ ಪರದೆಯಲ್ಲಿರುವುದನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶ. ಅದು ಪುಟವನ್ನು ಸಾಲಾಗಿ ಓದುತ್ತದೆ: ಲಿಂಕ್, ಲಿಂಕ್, ಚಿತ್ರ, ಬಟನ್, ಬಟನ್. ಯಾವ ಬಟನ್? ಪುಟ ಮಾಡಿದವರು ಹೆಸರು ಕೊಟ್ಟಿಲ್ಲದಿದ್ದರೆ ಅದಕ್ಕೂ ಗೊತ್ತಿಲ್ಲ. ಪುಟ ತೆರೆದ ತಕ್ಷಣ ಹಾಡು ತಾನಾಗಿ ಶುರುವಾಯಿತೋ, ಇನ್ನೂ ಕಷ್ಟ. ಹಾಡಿನ ಗದ್ದಲದಲ್ಲಿ ಸ್ಕ್ರೀನ್ ರೀಡರಿನ ದನಿ ಮುಳುಗಿಹೋಗುತ್ತದೆ. ಹಾಡು ನಿಲ್ಲಿಸುವ ಬಟನ್ ಹುಡುಕಬೇಕಾದರೆ ಆ ದನಿಯೇ ಕೇಳಬೇಕು. ವೆಬ್ ಪುಟಗಳು ಅಂಗವಿಕಲರಿಗೂ ಎಟುಕಬೇಕು ಅಂತ ಮಾಡಿದ 2008ರ ಮಾರ್ಗಸೂಚಿ, ವೆಬ್ ಕಂಟೆಂಟ್ ಆಕ್ಸೆಸಿಬಿಲಿಟಿ ಗೈಡ್‌ಲೈನ್ಸ್, ಇದಕ್ಕೆಂದೇ ಒಂದು ನಿಯಮ ಇಟ್ಟಿದೆ. ತಾನಾಗಿ ಶುರುವಾದ ಶಬ್ದ 3 ಸೆಕೆಂಡಿಗಿಂತ ಹೆಚ್ಚು ಬಂದರೆ, ಅದನ್ನು ನಿಲ್ಲಿಸಲು ಅಥವಾ ತಗ್ಗಿಸಲು ದಾರಿ ಇರಬೇಕು.

ಆದರೆ ರೇಡಿಯೋ ಕೇಳಲು ಆ ಪುಟವೇ ಬೇಕಿಲ್ಲ. ಪುಟದ ಹಿಂದೆ ನಿಜವಾದ ಸ್ಟ್ರೀಮ್‌ನ, ಅಂದರೆ ಇಂಟರ್ನೆಟ್‌ನಲ್ಲಿ ಹರಿದು ಬರುವ ದನಿಯ, ವಿಳಾಸ ಒಂದು ಇರುತ್ತದೆ. ಅದನ್ನು ಪ್ಲೇಯರ್‌ಗೆ ಕೊಟ್ಟರೆ ನೇರ ದನಿ ಬರುತ್ತದೆ. ಇಂಥ ವಿಳಾಸಗಳನ್ನು ಕೂಡಿಸಿ ಹಂಚುವುದಕ್ಕೆ ಎಂ3ಯು ಕಡತ ಸಾಕು. ಅದು ಸುಮ್ನೆ ಒಂದು ಪಠ್ಯ ಕಡತ, ನೋಟ್‌ಪ್ಯಾಡ್‌ನಲ್ಲೇ ಬರೆಯಬಹುದು. ಪ್ರತಿ ನಿಲಯಕ್ಕೆ ಎರಡು ಸಾಲು. ಮೊದಲ ಸಾಲಿನಲ್ಲಿ ಅವಧಿ ಮತ್ತು ಹೆಸರು, ಎರಡನೆಯದರಲ್ಲಿ ವಿಳಾಸ. ಅವಧಿಯ ಜಾಗದಲ್ಲಿ ಮೈನಸ್ 1 ಅಂತ ಹಾಕುತ್ತಾರೆ. ನೇರ ಪ್ರಸಾರಕ್ಕೆ ಕೊನೆಯೇ ಇಲ್ಲ, ಅಲ್ವಾ? ಕನ್ನಡದ ಹೆಸರುಗಳಿದ್ದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಜಾಗವಿರುವ ಯುಟಿಎಫ್-8 ಸಂಕೇತದಲ್ಲಿ ಉಳಿಸಿ, ಕಡತದ ಹೆಸರಿನ ಕೊನೆಗೆ ಎಂ3ಯು8 ಅಂತ ಹಾಕಿ. ಇಲ್ಲದಿದ್ದರೆ ಅಕ್ಷರಗಳೆಲ್ಲ ಕಲಸುಮೇಲೋಗರವಾಗುತ್ತವೆ.

ನನಗೆ ತುಂಬ ಇಷ್ಟವಾದ ವಿಷಯ ಇರುವುದು ಸ್ಟ್ರೀಮ್‌ನ ಒಳಗೆ. ಶೌಟ್‌ಕಾಸ್ಟ್, ಐಸ್‌ಕಾಸ್ಟ್ ಎಂಬ ಇಂಟರ್ನೆಟ್ ರೇಡಿಯೋ ತಂತ್ರಾಂಶಗಳ ಸರ್ವರ್‌ಗಳು ದನಿಯ ನಡುವೆಯೇ ಹಾಡಿನ ಹೆಸರನ್ನೂ ಕಳಿಸುತ್ತವೆ. ಪ್ಲೇಯರ್ ಮೊದಲೇ ‘ಹೆಸರೂ ಬೇಕು’ ಅಂತ ಕೇಳಿರಬೇಕು. ಆಗ ಸರ್ವರ್ ‘ಇಷ್ಟು ಬೈಟ್‌ಗೊಮ್ಮೆ ಕೊಡುತ್ತೇನೆ’ ಅಂತ ಒಪ್ಪಂದ ಮಾಡಿಕೊಳ್ಳುತ್ತದೆ. ಆ ಅಂತರ 16,000 ಬೈಟ್ ಅಂತಿಟ್ಟುಕೊಳ್ಳಿ. ಸೆಕೆಂಡಿಗೆ 128 ಕಿಲೋಬಿಟ್‌ನ ಸ್ಟ್ರೀಮ್‌ನಲ್ಲಿ ಅದು ಸರಿಯಾಗಿ ಒಂದು ಸೆಕೆಂಡಿನ ದನಿ. ಅಷ್ಟಾದ ಮೇಲೆ ಒಂದೇ ಒಂದು ಬೈಟ್ ಬರುತ್ತದೆ. ಅದರಲ್ಲಿರುವ ಸಂಖ್ಯೆಯನ್ನು 16ರಿಂದ ಗುಣಿಸಿದರೆ ಮುಂದಿನ ಪಠ್ಯದ ಉದ್ದ ಸಿಗುತ್ತದೆ. ಹಾಡು ಬದಲಾಗಿಲ್ಲದಿದ್ದರೆ ಅಲ್ಲಿ ಸೊನ್ನೆ, ದನಿ ಹಾಗೇ ಮುಂದುವರಿಯುತ್ತದೆ. ಹೆಸರು ಹೀಗೆ ಪಠ್ಯವಾಗಿಯೇ ಬರುವುದರಿಂದ, ಪ್ಲೇಯರ್ ಅದನ್ನು ತೋರಿಸಿದರೆ ಸ್ಕ್ರೀನ್ ರೀಡರ್ ಓದಿ ಹೇಳಬಲ್ಲದು. ಪುಟದಲ್ಲಿ ಚಿತ್ರವಾಗಿ ಮಿನುಗುವ ಹೆಸರಿಗೆ ಆ ಭಾಗ್ಯವಿಲ್ಲ.

ಒತ್ತಿದ ಕೂಡಲೇ ದನಿ ಏಕೆ ಬರುವುದಿಲ್ಲ ಅಂತಲೂ ಕೇಳುತ್ತಾರೆ. ಪ್ಲೇಯರ್ ಮೊದಲು ಬಫರ್, ಅಂದರೆ ದನಿಯನ್ನು ಸ್ವಲ್ಪ ಮುಂಚಿತವಾಗಿ ಕೂಡಿಟ್ಟುಕೊಳ್ಳುವ ಜಾಗ, ತುಂಬಿಸಿಕೊಳ್ಳುತ್ತಿರುತ್ತದೆ. ಇದು ಮನೆಯ ನೀರಿನ ತೊಟ್ಟಿಯ ಹಾಗೆ. ನಲ್ಲಿ ನೀರು ಬಿಟ್ಟು ಬಿಟ್ಟು ಬಂದರೂ ಕೆಳಗಿನ ಕೊಳಾಯಿಯಲ್ಲಿ ಧಾರೆ ಕಡಿಯುವುದಿಲ್ಲ. ತೊಟ್ಟಿಯೇ ಬರಿದಾದಾಗ ಮಾತ್ರ ರೇಡಿಯೋ ಮೌನವಾಗುತ್ತದೆ. ತಿರುಗುವ ಚಕ್ರ ಕಾಣದವರಿಗೆ ಈ ಮೌನ ಗೊಂದಲ ತರುತ್ತದೆ. ನಿಲಯ ಸತ್ತಿದೆಯೋ, ಬಫರ್ ತುಂಬುತ್ತಿದೆಯೋ? ಸ್ಥಿತಿಯನ್ನು ಬಾಯಿಬಿಟ್ಟು ಹೇಳುವ ಪ್ಲೇಯರ್ ಅದಕ್ಕೇ ಬೇಕು.

ಈ ಹಾದಿ ಹಳೆಯದು. 1969ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಅಂಧರಿಗಾಗಿ ಪುಸ್ತಕ, ಪತ್ರಿಕೆ ಓದಿ ಹೇಳುವ ರೇಡಿಯೋ ಶುರುವಾಯಿತು. ಅದು ಬರುತ್ತಿದ್ದದ್ದು ಎಫ್‌ಎಂ ಪ್ರಸಾರದ ಉಪವಾಹಕದಲ್ಲಿ, ಅಂದರೆ ಅದೇ ಪ್ರಸಾರದ ಜೊತೆ ಅಡಗಿ ಬರುವ ಇನ್ನೊಂದು ಸಿಗ್ನಲ್‌ನಲ್ಲಿ. ಮಾಮೂಲಿ ರೇಡಿಯೋದಲ್ಲಿ ಅದು ಸಿಗದು, ವಿಶೇಷ ರಿಸೀವರ್ ಬೇಕು. ಟ್ರಾನ್ಸ್‌ಮಿಟರ್‌ನಿಂದ ದೂರ ಇದ್ದವರಿಗೆ ಅದೂ ಇಲ್ಲ. 1993ರಲ್ಲಿ ಕಾರ್ಲ್ ಮಲಾಮುಡ್ ರೇಡಿಯೋ ಕಾರ್ಯಕ್ರಮಗಳನ್ನು ಕಡತಗಳಾಗಿ ಇಂಟರ್ನೆಟ್‌ಗೆ ತಂದರು. 90ರ ದಶಕದ ಕೊನೆಗೆ ಶೌಟ್‌ಕಾಸ್ಟ್ ಬಂದ ಮೇಲೆ ಒಂದು ಕಂಪ್ಯೂಟರ್ ಇದ್ದವರೆಲ್ಲ ನಿಲಯ ನಡೆಸಬಹುದಾಯಿತು. 1999ರಲ್ಲಿ ಅಂಧರ ಸಂಘಟನೆಯಾದ ಅಮೆರಿಕನ್ ಕೌನ್ಸಿಲ್ ಆಫ್ ದಿ ಬ್ಲೈಂಡ್ ಇಂಟರ್ನೆಟ್‌ನಲ್ಲೇ ತನ್ನ ರೇಡಿಯೋ ಶುರುಮಾಡಿತು. ಸಿಗ್ನಲ್‌ನ ಗಡಿ ಹೋಯಿತು, ಕೇಳುಗರೇ ನಿರೂಪಕರೂ ಆದರು.

ಇನ್ನು ಪಟ್ಟಿ ಹಂಚುವವರಿಗೆ. ಹೆಸರುಗಳ ಮೇಲೆ ಕರುಣೆ ಇರಲಿ. ಪಟ್ಟಿಯಲ್ಲಿ ಒಂದು ಅಕ್ಷರ ಒತ್ತಿದರೆ ಆ ಅಕ್ಷರದ ಹೆಸರಿಗೆ ಜಿಗಿಯುವುದು ಅಂಧ ಬಳಕೆದಾರರ ನಿತ್ಯದ ರೂಢಿ. ಪ್ರತಿ ಹೆಸರೂ ‘ರೇಡಿಯೋ’ ಅಂತಲೇ ಶುರುವಾದರೆ ಆ ಜಿಗಿತ ಕೆಲಸಕ್ಕೆ ಬಾರದು. ಅಂದಕ್ಕೆ ಹಾಕಿದ ನಕ್ಷತ್ರಗಳನ್ನು ಸ್ಕ್ರೀನ್ ರೀಡರ್ ಒಂದೊಂದಾಗಿ ಓದುತ್ತಾ ಕೂರಬಹುದು. ನಿಲಯವನ್ನು ಗುರುತಿಸುವ ಪದ ಮೊದಲು ಬರಲಿ, ಭಾಷೆ ಮತ್ತು ಬಗೆ ಆಮೇಲೆ.

ವಿಳಾಸಗಳಲ್ಲೂ ಬಲೆಗಳಿವೆ. ಪ್ರಶ್ನೆಚಿಹ್ನೆಯ ನಂತರ ಉದ್ದದ ಸಂಕೇತ ಇದ್ದರೆ ಅದು ತಾತ್ಕಾಲಿಕ ಬೀಗದ ಕೈ ಆಗಿರಬಹುದು, ನಾಳೆಗೆ ಕೆಲಸ ಮಾಡದು. ಹಳೆಯ ಶೌಟ್‌ಕಾಸ್ಟ್ ವಿಳಾಸದ ಕೊನೆಯ ಸೆಮಿಕೋಲನ್ ಕಸ ಅಂತ ಅಳಿಸಬೇಡಿ. ಅದಿಲ್ಲದೆ ಬ್ರೌಸರ್‌ಗೆ ದನಿಯ ಬದಲು ಸರ್ವರ್‌ನ ಮಾಹಿತಿ ಪುಟ ಸಿಗುತ್ತದೆ. ಹಂಚುವುದು ವಿಳಾಸವನ್ನು ಮಾತ್ರ, ರೆಕಾರ್ಡ್ ಮಾಡಿದ ದನಿಯನ್ನಲ್ಲ. ಹಾಗಾದರೆ ಕೇಳುಗರು ನಿಲಯದ ಸರ್ವರ್‌ಗೇ ಹೋಗುತ್ತಾರೆ, ಅದರ ಲೆಕ್ಕದಲ್ಲೂ ಸಿಗುತ್ತಾರೆ. ಕಡತದ ಮೇಲ್ಭಾಗದಲ್ಲಿ, ಶೀರ್ಷಿಕೆಯ ಸಾಲಿನ (#EXTM3U) ಕೆಳಗೆ, ಹ್ಯಾಶ್ ಗುರುತು ಹಾಕಿ ದಿನಾಂಕ ಬರೆಯಿರಿ. ಪ್ಲೇಯರ್ ಆ ಸಾಲನ್ನು ಬಿಟ್ಟು ಮುಂದೆ ಹೋಗುತ್ತದೆ. ಸತ್ತ ವಿಳಾಸಗಳನ್ನು ತೆಗೆದು ಮತ್ತೆ ಹಂಚುವಾಗ ಕಡತಕ್ಕೆ ಹಳೆಯ ಹೆಸರನ್ನೇ ಇಡಿ. ಮೊದಲೇ ಇಳಿಸಿಕೊಂಡವರು ಹಳೆಯದರ ಮೇಲೇ ಹೊಸದನ್ನು ಉಳಿಸಿದರೆ ಸಾಕು.