ಟೆಲೋಮಿಯರ್ ಉದ್ದ ಇದ್ದರೆ ಕ್ಯಾನ್ಸರ್ ಬರೋದಿಲ್ವಾ?

ಇದೇ ಪ್ರಶ್ನೆ ಮತ್ತೆ ಬಂದಿದೆ, ಈ ಸಲ ಗದಗದಿಂದ. "ಸರ್, ಹುಬ್ಬಳ್ಳ್ಯಾಗ ರಕ್ತ ಟೆಸ್ಟ್ ಮಾಡಿಸೀನಿ. ಟೆಲೋಮಿಯರ್ ಉದ್ದ ಚಲೋ ಐತಿ ಅಂತ ರಿಪೋರ್ಟ್ ಬಂದೈತಿ. ಇನ್ನ ಕ್ಯಾನ್ಸರ್ ಚಿಂತಿ ಇಲ್ಲ ಅಲ್ರೀ?"

ಹಾಗಲ್ಲ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುತ್ತಿಲ್ಲ, ಅದಕ್ಕೆ ಇವತ್ತು ಬುಡದಿಂದ ಹೇಳುತ್ತೇನೆ.

ಬೆಟಗೇರಿ ಸೀರೆಯ ಸೆರಗಿಗೆ ನೂಲು ಬಿಚ್ಚದಿರಲಿ ಅಂತ ಕುಚ್ಚು ಕಟ್ಟುತ್ತಾರಲ್ವಾ, ಜೀವಕೋಶದೊಳಗೆ ಡಿಎನ್‌ಎ ಸುತ್ತಿಟ್ಟ ಎಳೆಯಾದ ಕ್ರೋಮೋಸೋಮಿನ ತುದಿಗೆ ಟೆಲೋಮಿಯರ್ ಹಾಗೆ. ಜೀವಕೋಶ ಒಡೆದು ಎರಡಾದಾಗಲೆಲ್ಲ ಅದು ಸ್ವಲ್ಪ ಸವೆಯುತ್ತದೆ. ತೀರಾ ಗಿಡ್ಡ ಆದಾಗ ಕೋಶ ಒಡೆಯುವುದನ್ನೇ ನಿಲ್ಲಿಸುತ್ತದೆ. ಈ ನಿಲುಗಡೆಯೇ ಕ್ಯಾನ್ಸರಿಗೆ ದೊಡ್ಡ ಅಡ್ಡಿ! ಕೆಟ್ಟ ಕೋಶ ಗಡ್ಡೆ ಆಗಬೇಕಾದರೆ ಲೆಕ್ಕವಿಲ್ಲದಷ್ಟು ಸಲ ಒಡೆಯಬೇಕು. ಅದಕ್ಕೇ ಸುಮಾರು ಶೇ. 85–90ರಷ್ಟು ಕ್ಯಾನ್ಸರ್‌ಗಳು ಟೆಲೋಮಿಯರನ್ನು ಮತ್ತೆ ಬೆಳೆಸುವ ಟೆಲೋಮರೇಸ್ ಕಿಣ್ವವನ್ನು ಚಾಲೂ ಮಾಡಿಕೊಂಡಿರುತ್ತವೆ. ಟೆಲೋಮಿಯರ್ ಮೊದಲೇ ಉದ್ದ ಇದ್ದರೆ, ಕೆಟ್ಟ ಕೋಶಕ್ಕೂ ಒಡೆಯಲು ಜಾಸ್ತಿ ಅವಕಾಶ ಸಿಕ್ಕಂತೆ.

ಇದು ಬರೀ ತರ್ಕ ಅಲ್ಲ. ಟೆಲೋಮಿಯರನ್ನು ಕಾಯುವ ಪಿಒಟಿ1 ಅನ್ನುವ ಜೀನ್ ಕೆಟ್ಟು ಟೆಲೋಮಿಯರ್ ಉದ್ದವಾದ ಕುಟುಂಬಗಳಲ್ಲಿ ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರ್ ಹೆಚ್ಚು. 2017ರ ದೊಡ್ಡ ಅಧ್ಯಯನವೊಂದರಲ್ಲಿ, ಹುಟ್ಟಿನಿಂದಲೇ ಉದ್ದ ಟೆಲೋಮಿಯರಿನ ಒಲವು ಇದ್ದವರಿಗೆ ಹಲವು ಕ್ಯಾನ್ಸರ್‌ಗಳ ಅಪಾಯ ಜಾಸ್ತಿ, ಹೃದಯದ ರಕ್ತನಾಳದ ಕಾಯಿಲೆ ಕಡಿಮೆ ಕಂಡಿತ್ತು.

ಮತ್ತೆ ಈ ತಪ್ಪು ಹುಟ್ಟಿದ್ದು ಹೇಗೆ? ಮೊದಮೊದಲ ಎಷ್ಟೋ ಅಧ್ಯಯನಗಳು ಕ್ಯಾನ್ಸರ್ ಬಂದ ಮೇಲೆ ರೋಗಿಗಳ ರಕ್ತ ತೆಗೆದು ಅಳೆದವು. ಗಿಡ್ಡ ಕಂಡಿತು. ಆದರೆ ಕಾಯಿಲೆ, ಕಿಮೋ ಎರಡೂ ಟೆಲೋಮಿಯರನ್ನು ಸವೆಸಬಲ್ಲವು. ಪರಿಣಾಮವನ್ನೇ ಕಾರಣ ಅಂದುಕೊಂಡರು. ಹಾಗಂತ ಗಿಡ್ಡ ಇದ್ದರೆ ಒಳ್ಳೇದು ಅಂತಲೂ ಅಲ್ಲ. ಡಿಸ್ಕೆರಟೋಸಿಸ್ ಕಂಜೆನಿಟಾ ಅನ್ನುವ ಅಪರೂಪದ ಕಾಯಿಲೆಯಲ್ಲಿ ಅದು ವಿಪರೀತ ಗಿಡ್ಡ, ಅವರಿಗೂ ರಕ್ತದ, ಬಾಯಿಯ ಕ್ಯಾನ್ಸರ್ ಅಪಾಯ ಇದೆ.

ಆ ರಿಪೋರ್ಟ್ ಪಕ್ಕಕ್ಕಿಡಿ. ಗುಟ್ಕಾ ಹಾಕುವ ಅಭ್ಯಾಸ ಇದ್ದರೆ ಬಿಡಿ. ಎರಡು ವಾರ ಆದರೂ ಮಾಯದ ಬಾಯಿಹುಣ್ಣು ಇದ್ದರೆ ನಾಳೆಯೇ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಬಾಯಿ ತೋರಿಸಿ. ಟೆಲೋಮಿಯರ್ ಟೆಸ್ಟಿನಲ್ಲಿ ಅದು ಕಾಣುವುದಿಲ್ಲ.

ಆಯುಷ್ಯವಾದರೂ ಹೆಚ್ಚುತ್ತದಾ ಅಂತ ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಪ್ರಯೋಗಾಲಯದ ಇಲಿಗಳ ಟೆಲೋಮಿಯರ್ ನಮ್ಮದಕ್ಕಿಂತ ಎಷ್ಟೋ ಪಟ್ಟು ಉದ್ದ. ಅವು ಬದುಕುವುದು ಎರಡು-ಮೂರು ವರ್ಷ, ಅವುಗಳಲ್ಲಿ ಬಹಳಷ್ಟು ಸಾಯುವುದು ಕ್ಯಾನ್ಸರಿನಿಂದಲೇ.