‘ಊಟ ಆಯ್ತಾ’ ಅಂದ್ರೆ ಎಲ್ಲರೂ ‘ಆಯ್ತು’ ಅಂತಾರೆ

ನಮ್ಮಲ್ಲಿ ಯಾರಾದ್ರೂ ‘ಊಟ ಆಯ್ತಾ?’ ಅಂತ ಕೇಳಿದ್ರೆ ಉತ್ತರ ಒಂದೇ. ಆಯ್ತು. ಆಗದಿದ್ರೂ ಆಯ್ತು. ಇಪ್ಪತ್ತು ವರ್ಷಕ್ಕೂ ಜಾಸ್ತಿ, ಮೊದಲು ಷೆಡ್ಯೂಲ್ ಅನ್ನೋ ಕಾಗದದ ಪ್ರಶ್ನೆಪಟ್ಟಿ ಹಿಡಿದು, ಆಮೇಲೆ ಟ್ಯಾಬ್ ಹಿಡಿದು ಮನೆ ಮನೆ ಸಮೀಕ್ಷೆ ಮಾಡಿದವಳು ನಾನು. ಈ ‘ಆಯ್ತು’ ಕೊಟ್ಟಷ್ಟು ತಲೆನೋವು ನನಗೆ ಇನ್ಯಾವ ಉತ್ತರವೂ ಕೊಟ್ಟಿಲ್ಲ. ಯಾಕಂದ್ರೆ ದೇಶದ ಎಷ್ಟು ಮನೆಗಳಲ್ಲಿ ಹಸಿವಿದೆ ಅನ್ನೋ ಸರ್ಕಾರಿ ಲೆಕ್ಕ ಬಹಳ ಕಾಲ ನಿಂತಿದ್ದು ಇಂಥದ್ದೇ ಒಂದು ಪ್ರಶ್ನೆ ಮೇಲೆ.

1983ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಆ ಪ್ರಶ್ನೆ ಹೀಗಿತ್ತು: ಮನೆಯವರಿಗೆಲ್ಲ ದಿನಕ್ಕೆ ಎರಡು ಹೊತ್ತು ಹೊಟ್ಟೆ ತುಂಬ ಊಟ ಸಿಗುತ್ತಾ? ಆಮೇಲಿನ ಸುತ್ತುಗಳಲ್ಲಿ ಅದು ‘ದಿನಾ ಸಾಕಷ್ಟು ಊಟ ಸಿಗುತ್ತಾ’ ಅಂತ ಬದಲಾಯಿತು. ಉತ್ತರಕ್ಕೆ ಮೂರು ಕೋಡ್. ವರ್ಷವಿಡೀ ಸಿಗುತ್ತೆ, ಕೆಲವು ತಿಂಗಳು ಸಿಗುತ್ತೆ, ಯಾವ ತಿಂಗಳೂ ಸಿಗಲ್ಲ. ವರ್ಷವಿಡೀ ಸಿಗುತ್ತೆ ಅಂದ ಹಳ್ಳಿ ಮನೆಗಳು 1993-94ರಲ್ಲಿ ಶೇ 94.5 ಇದ್ದವು, 2004-05ಕ್ಕೆ ಶೇ 97.4 ಆದವು. ಓದಿದವರಿಗೆ ಹಸಿವಿನ ಕಥೆ ಮುಗೀತು ಅನ್ನಿಸಬೇಕು, ಅಲ್ವಾ?

ಈಗ ರಾಯಚೂರು ಕಡೆಯ ಒಂದು ಹಳ್ಳಿಗೆ ಬನ್ನಿ. ಬೇಸಿಗೆ. ಮನೆಯ ಯಜಮಾನ ಕಟ್ಟೆ ಮೇಲೆ ಕೂತಿದ್ದಾನೆ, ಸುತ್ತ ಓಣಿಯ ನಾಲ್ಕು ಜನ. ನಾನು ಪ್ರಶ್ನೆ ಓದಿದೆ. ‘ದೇವ್ರ ದಯಾ ರೀ, ಎರಡು ಹೊತ್ತು ಉಂಡು ಆರಾಮ ಅದೀವಿ’ ಅಂದ. ಕೋಡ್ ಒಂದು. ಬರ್ಕೊಂಡೆ. ಆಮೇಲೆ ನೀರು ಕೇಳೋ ನೆಪದಲ್ಲಿ ಒಳಗೆ ಹೋದೆ. ಹೆಣ್ಣಾಗಿದ್ದಕ್ಕೆ ನನಗೆ ಆ ಅನುಕೂಲ ಇತ್ತು. ಅವನ ಹೆಂಡತಿ ಒಲೆ ಮುಂದೆ ಇದ್ದಳು. ಅದೂ ಇದೂ ಮಾತಾಡ್ತಾ ನಿಮ್ದು ಊಟ ಎಷ್ಟು ಹೊತ್ತಿಗೆ ಅಂತ ಕೇಳಿದೆ. ‘ಎಲ್ಲಾರು ಉಂಡ ಮ್ಯಾಲೆ ಉಳದ್ರ ಉಣ್ತೀನಿ ಅಕ್ಕಾರ, ಇಲ್ಲಂದ್ರ ಒಂದ್ ಕಪ್ ಚಾ ಕುಡದು ಮಲಗ್ತೀನಿ’ ಅಂದಳು. ದೂರು ಹೇಳೋ ದನಿಯಲ್ಲ ಅದು. ಮಳೆ ಬಂದ್ರೆ ಸೋರುತ್ತೆ ಅನ್ನೋ ಥರ.

ಹೊರಗಿದ್ದ ಗಂಡಸು ಸುಳ್ಳು ಹೇಳಿದ ಅಂತ ನಾನು ಹೇಳಲ್ಲ. ಅವನ ತಟ್ಟೆಗೆ ಎರಡು ಹೊತ್ತು ಬಿದ್ದಿತ್ತು. ಆದ್ರೆ ಪ್ರಶ್ನೆ ‘ಮನೆಯವರಿಗೆಲ್ಲ’ ಅಂತ ಇತ್ತು, ಉತ್ತರ ಕೊಟ್ಟಿದ್ದು ಒಬ್ಬನೇ, ಅದೂ ನಾಲ್ಕು ಜನರ ಮುಂದೆ. ನಮ್ಮ ಮನೇಲಿ ಹಸಿವಿದೆ ಅಂತ ಓಣಿಯವರ ಎದುರು ಒಪ್ಪಿಕೊಳ್ಳೋದು ಅಂದ್ರೆ ನನ್ನ ಕೈಲಿ ಸಂಸಾರ ಸಾಕೋಕೆ ಆಗ್ಲಿಲ್ಲ ಅಂತ ಒಪ್ಪಿಕೊಂಡ ಹಾಗೆ. ನಾನು ಕೋಡ್ ಬದಲಾಯಿಸಲಿಲ್ಲ. ಉತ್ತರ ಕೊಟ್ಟವರು ಹೇಳಿದ್ದನ್ನೇ ಬರೀಬೇಕು ಅನ್ನೋದು ನಮ್ಮ ಕಸುಬಿನ ಮೊದಲ ಪಾಠ. ಅದನ್ನ ಪಾಲಿಸಿದೆ ಅಂತ ಇವತ್ತಿಗೂ ಸಮಾಧಾನ ಇಲ್ಲ.

ಹಾಗಾದ್ರೆ ಬಾಯಿಮಾತು ಬಿಟ್ಟು ಕಾಳು ಲೆಕ್ಕ ಹಾಕಿದ್ರೆ? ಅದನ್ನ ಗೃಹ ಬಳಕೆ ವೆಚ್ಚ ಸಮೀಕ್ಷೆ ಮಾಡುತ್ತೆ. 2022-23ರಲ್ಲಿ 2,61,746 ಮನೆಗಳಿಗೆ ಹೋಗಿದ್ದರು, ಒಂದೊಂದು ಮನೆಗೂ ಮೂರು ಭೇಟಿ. ಅಕ್ಕಿ, ಬೇಳೆ, ಸಕ್ಕರೆ ಆದ್ರೆ ಹಿಂದಿನ 30 ದಿನದ್ದು ಕೇಳ್ತಾರೆ. ಎಣ್ಣೆ, ತರಕಾರಿ, ಮೊಟ್ಟೆ, ಮೀನು ಆದ್ರೆ 7 ದಿನದ್ದು. ಒಳ್ಳೆಯ ಸಮೀಕ್ಷೆ. ಆದ್ರೆ ಇಲ್ಲಿ ‘ಮನೆ’ ಅಂದ್ರೆ ಒಂದೇ ಒಲೆಯ ಅಡುಗೆ ಉಣ್ಣುವವರು ಅಂತ ಅರ್ಥ. ಒಲೆವರೆಗೆ ಲೆಕ್ಕ ಚೆನ್ನಾಗಿ ಸಿಗುತ್ತೆ. ಒಲೆಯಿಂದ ತಟ್ಟೆಗೆ ಹೋಗೋ ದಾರಿಯಲ್ಲಿ ಸಿಗಲ್ಲ.

ಇನ್ನೊಂದು ವಿಚಿತ್ರ ನೋಡಿ. ಬೆಂಗಳೂರಿನ ಒಂದು ಮನೇಲಿ ಕೆಲಸದಾಕೆಗೆ ಬೆಳಿಗ್ಗೆ ಉಪ್ಪಿಟ್ಟು ಕೊಡ್ತಾರೆ ಅಂದ್ಕೊಳ್ಳಿ. ಅಡುಗೆ ಆಗಿದ್ದು ಯಾರ ಮನೇಲೋ ಆ ರವೆ ಅವರ ಖಾತೆಗೆ. ತಿಂದವಳ ಮನೆಯ ಬಳಕೆಯಲ್ಲಿ ಅದು ಕಾಣಲ್ಲ. ಅವಳು ಬೇರೆ ಕಡೆ ಎಷ್ಟು ಹೊತ್ತು ಉಂಡಳು ಅಂತ ಬೇರೆ ಕಾಲಂನಲ್ಲಿ ಬರ್ಕೊಳ್ತೀವಿ ನಿಜ. ಆದ್ರೂ ಕೊನೆಗೆ ಕ್ಯಾಲೊರಿ ಭಾಗಿಸುವಾಗ ಉಳ್ಳವರು ಇದ್ದಿದ್ದಕ್ಕಿಂತ ಜಾಸ್ತಿ, ಇಲ್ಲದವರು ಇದ್ದಿದ್ದಕ್ಕಿಂತ ಕಮ್ಮಿ ತಿಂದ ಹಾಗೆ ಕಾಣುತ್ತೆ. ಇದು ಗೊತ್ತಿರೋ ದೋಷ, ಸಂಖ್ಯಾಶಾಸ್ತ್ರಜ್ಞರು ಸರಿಪಡಿಸೋಕೆ ನೋಡ್ತಾರೆ, ಪತ್ರಿಕೆಯ ತಲೆಬರಹಕ್ಕೆ ಆ ಗೊಡವೆ ಇಲ್ಲ.

ರೇಷನ್‌ದೂ ಒಂದು ಕಥೆ ಇದೆ. 2023ರ ಆಗಸ್ಟ್‌ನಿಂದ ಮುಂದಿನ ಸುತ್ತು ಶುರುವಾದಾಗ ನಮ್ಮ ರಾಜ್ಯದಲ್ಲಿ ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿ ಬದಲು ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಬ್ಯಾಂಕಿಗೆ ಬರ್ತಿತ್ತು. ಅಕ್ಕಿಯಾಗಿ ಬಂದಿದ್ರೆ ರೇಷನ್ ಅಕ್ಕಿಯ ಸಾಲಲ್ಲಿ ಕೂರ್ತಿತ್ತು. ದುಡ್ಡಾಗಿ ಬಂದಾಗ ಅದರಲ್ಲಿ ಅಕ್ಕಿಯೇ ತಂದ್ರೆ ಅಂಗಡಿ ಖರೀದಿ, ಮಗುವಿಗೆ ಔಷಧಿ ತಂದ್ರೆ ಔಷಧಿ ಖರ್ಚು. ನಾಲ್ಕು ಜನರ ಮನೇಲಿ ತಿಂಗಳಿಗೆ 680 ರೂಪಾಯಿ. ಆ ದುಡ್ಡು ಅನ್ನ ಆಯ್ತಾ ಇಲ್ವಾ ಅಂತ ಮನೆಯವರಿಗೇ ಬಿಡಿಸಿ ಹೇಳೋಕೆ ಕಷ್ಟ.

ಅದಕ್ಕೇ ಜಗತ್ತಿನಲ್ಲಿ ಬೇರೆ ಥರದ ಪ್ರಶ್ನೆಗಳು ಬಂದವು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯದ್ದು ಎಂಟು ಪ್ರಶ್ನೆ. ಕಳೆದ 12 ತಿಂಗಳಲ್ಲಿ ದುಡ್ಡಿಲ್ಲದ ಕಾರಣಕ್ಕೆ ಊಟಕ್ಕೆ ಏನು ಗತಿ ಅಂತ ಚಿಂತೆ ಆಗಿತ್ತಾ ಅನ್ನೋದರಿಂದ ಶುರು. ಒಂದೇ ಥರದ ಆಹಾರ ತಿಂದ್ರಾ, ಒಂದು ಹೊತ್ತು ಬಿಟ್ರಾ, ಕಮ್ಮಿ ಉಂಡ್ರಾ, ಕೊನೆಗೆ ಇಡೀ ದಿನ ಉಣ್ಣದೆ ಇದ್ರಾ. ಇದು ಮೆಟ್ಟಿಲು. ಮೇಲಿನ ಮೆಟ್ಟಿಲಿಗೆ ಹೌದು ಅಂದವರು ಕೆಳಗಿನದಕ್ಕೂ ಸಾಮಾನ್ಯವಾಗಿ ಹೌದು ಅಂದಿರ್ತಾರೆ. ಹಾಗೆ ಆಗದಿದ್ರೆ ಪ್ರಶ್ನೆಯಲ್ಲೋ ಕೇಳಿದವರಲ್ಲೋ ಏನೋ ಎಡವಟ್ಟಾಗಿದೆ ಅಂತ ಲೆಕ್ಕ.

ಕೆಲಸ ಬಿಟ್ಟ ಮೇಲೆ ಒಂದು ಸಣ್ಣ ಅಧ್ಯಯನಕ್ಕೆ ಈ ಎಂಟನ್ನು ಕನ್ನಡದಲ್ಲಿ ಕೇಳಿಸಿದೆ. ಎಡವಟ್ಟು ಆಗಿಯೇ ಆಯ್ತು. ಚಿಂತೆ ಇಲ್ಲ, ಕಮ್ಮಿ ಉಂಡಿಲ್ಲ, ಆದ್ರೆ ಇಡೀ ದಿನ ಉಪವಾಸ ಇದ್ದೆ ಅಂದವರು ಸುಮಾರು ಮಂದಿ. ನೋಡಿದ್ರೆ ಅವು ಶಿವರಾತ್ರಿ, ಏಕಾದಶಿಗಳು! ನಮ್ಮ ಹುಡುಗರು ಅವಸರದಲ್ಲಿ ‘ದುಡ್ಡಿಲ್ಲದ ಕಾರಣಕ್ಕೆ’ ಅನ್ನೋ ತುಂಡನ್ನೇ ನುಂಗಿಬಿಟ್ಟಿದ್ದರು. ಕನ್ನಡದಲ್ಲಿ ‘ಉಪವಾಸ’ ದೇವರಿಗೂ ಆಗುತ್ತೆ, ಬಡತನಕ್ಕೂ ಆಗುತ್ತೆ. ‘ಒಪ್ಪತ್ತು’ ಕೂಡ ಹಾಗೇ. ‘ಪೌಷ್ಟಿಕ ಆಹಾರ’ ಅಂದ್ರೆ ಹಳ್ಳಿಯ ತಾಯಂದಿರು ಅಂಗನವಾಡಿ ಪೊಟ್ಟಣ ಸಿಕ್ತಾ ಅಂತ ಅರ್ಥ ಮಾಡ್ಕೊಂಡು ‘ಹೂಂ, ಕೊಡ್ತಾರೆ’ ಅಂದರು. ಎಲ್ಲಾ ಬದಲಾಯಿಸಿ ಮತ್ತೆ ಕೇಳಬೇಕಾಯ್ತು.

2022ರಲ್ಲಿ ಜಾಗತಿಕ ಹಸಿವು ಸೂಚ್ಯಂಕ ಭಾರತವನ್ನು 121 ದೇಶಗಳಲ್ಲಿ 107ನೇ ಜಾಗದಲ್ಲಿ ಇಟ್ಟಾಗ ಕೇಂದ್ರ ಸರ್ಕಾರ, ಸೂಚ್ಯಂಕ ಇವನ್ನೇ ನೆಚ್ಚಿಕೊಂಡಿದೆ ಅಂತ ಹೇಳಿ, ಇದೇ ಎಂಟು ಪ್ರಶ್ನೆಗಳನ್ನು ತರಾಟೆಗೆ ತಗೊಂಡಿತು. ಇಷ್ಟು ದೊಡ್ಡ ದೇಶಕ್ಕೆ 3,000 ಜನರನ್ನು ಕೇಳಿದ ಅಭಿಪ್ರಾಯ ಸಂಗ್ರಹ ಇದು ಅಂತ. ಆ ಮಾತಲ್ಲಿ ಅರ್ಧ ಹುರುಳಿದೆ. 3,000 ಜನರಿಂದ ದೇಶದ ಸರಾಸರಿ ಸಿಗಬಹುದು, ಯಾದಗಿರಿಗೂ ಉಡುಪಿಗೂ ಏನು ವ್ಯತ್ಯಾಸ ಅಂತ ಸಿಗಲ್ಲ. ಸರಿ. ಹಾಗಾದ್ರೆ 2.6 ಲಕ್ಷ ಮನೆಗೆ ಹೋಗೋ ನಿಮ್ಮದೇ ಸಮೀಕ್ಷೆಯಲ್ಲಿ ಆ ಎಂಟನ್ನು ಸೇರಿಸಿ! ಒಂದು ಮನೆಗೆ ಹತ್ತು ನಿಮಿಷದ ಕೆಲಸ. ಮಾದರಿ ಸಣ್ಣದು ಅಂತ ಬೈಯುವವರ ಕೈಯಲ್ಲೇ ದೊಡ್ಡ ಮಾದರಿ ಇದೆ.

ಅಮೆರಿಕದವರು 1995ರಿಂದ ವರ್ಷ ವರ್ಷ ಹೀಗೇ ಕೇಳಿಕೊಂಡು ಬಂದವರು. ಮಕ್ಕಳಿರೋ ಮನೆಗೆ 18 ಪ್ರಶ್ನೆ, ದೊಡ್ಡವರದ್ದು ಬೇರೆ, ಮಕ್ಕಳದ್ದು ಬೇರೆ. ಅಷ್ಟು ಶ್ರೀಮಂತ ದೇಶದಲ್ಲಿ 2023ರಲ್ಲಿ ಶೇ 13.5 ಮನೆಗಳು ಆಹಾರ ಅಭದ್ರತೆಯಲ್ಲಿದ್ದವು. ಅಲ್ಲೂ ಪದದ ಮುಜುಗರ ಇತ್ತು, 2006ರಲ್ಲಿ ವರದಿಯಿಂದ ‘ಹಸಿವು’ ಅನ್ನೋ ಮಾತು ತೆಗೆದು ‘ಅತಿ ಕಡಿಮೆ ಆಹಾರ ಭದ್ರತೆ’ ಅಂತ ಮಾಡಿದರು. 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಕೃಷಿ ಇಲಾಖೆ ಆ ವರದಿಯನ್ನೇ ಇನ್ನು ಮುಂದೆ ನಿಲ್ಲಿಸ್ತೀವಿ ಅಂತ ಘೋಷಿಸಿತು. ಥರ್ಮಾಮೀಟರ್ ಒಗೆದ ಹಾಗೆ.

ಇನ್ನು ನಮ್ಮ ಪಟ್ಟಿಗೇ ಬರದವರು. ಅನಾಥಾಶ್ರಮದಲ್ಲಿ, ನಿರಾಶ್ರಿತರ ಕೇಂದ್ರದಲ್ಲಿ ಇರೋರು, ನೆಲೆಯೇ ಇಲ್ಲದೆ ತಿರುಗೋರು ಈ ಸಮೀಕ್ಷೆಯ ಆಚೆ. ಗುಳೆ ಹೋದವರ ಮನೆಗೆ ಬೀಗ, ಬದಲಿಗೆ ಇನ್ನೊಂದು ಮನೆ ತಗೋಬೇಕು. ಬೀಗ ಬಿದ್ದ ಮನೆಯಷ್ಟೇ ಹಸಿದ ಮನೆ ಬದಲಿಗೆ ಸಿಗುತ್ತೆ ಅಂತ ಏನೂ ಇಲ್ಲ.

ಈಗ ಹೊಸ ಹುಡುಗ ಹುಡುಗಿಯರಿಗೆ ತರಬೇತಿ ಕೊಡುವಾಗ ನಾನು ಹೇಳೋದು ಇಷ್ಟೇ, ಹಸಿವಿನ ಪ್ರಶ್ನೆ ಓದೋಕೆ ಮುಂಚೆ ನಿನ್ನೆ ಅಡುಗೆ ಏನು ಅಂತ ಮಾತಿಗೆ ಕೂತ್ಕೊಳ್ಳಿ. ಹೋದ ಸಲ ಕಲಬುರಗಿ ಕಡೆ ಒಂದು ಮನೇಲಿ ನಮ್ಮ ಹುಡುಗಿ ‘ಎಷ್ಟು ರೊಟ್ಟಿ ಬಡಿದ್ರಿ?’ ಅಂತ ಕೇಳಿದಳು. ಹನ್ನೆರಡು ಅಂದಳು ಮನೆಯಾಕೆ. ಯಾರ್ಯಾರಿಗೆ ಎಷ್ಟು? ಬೆರಳು ಮಡಚುತ್ತಾ ಎಣಿಸಿದಳು. ಅವರಿಗೆ ನಾಲ್ಕು, ಹುಡುಗರಿಗೆ ಮೂರು ಮೂರು, ಅತ್ತಿಗೆ ಎರಡು. ಬೆರಳು ಅಲ್ಲೇ ನಿಂತಿತು. ‘ಮುಗದೇ ಹೋದ್ವಲ್ರೀ ಅಕ್ಕಾರ’ ಅಂತ ನಕ್ಕಳು.